ವಿದ್ಯುತ್ತಿಗೆ ಕವಾಟವಿಟ್ಟ ಫ್ಲೆಮಿಂಗ್

ಪ್ರೌಢಶಾಲೆಯಲ್ಲಿ ವಿದ್ಯುತ್ತಿನ ಪಾಠವನ್ನು ಓದಿದವರಿಗೆ ಫ್ಲೆಮಿಂಗನ ಹೆಸರು ಹೊಸದಲ್ಲ. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಒಂದಕ್ಕೊಂದು ಲಂಬವಾಗಿ ಚಾಚಿ, ತೋರುಬೆರಳು ಕಾಂತಕ್ಷೇತ್ರದ ದಿಕ್ಕು, ನಡುಬೆರಳು ವಿದ್ಯುತ್ ಪ್ರವಾಹದ ದಿಕ್ಕು, ಹೆಬ್ಬೆರಳು ತಂತಿ ಚಲಿಸುವ ದಿಕ್ಕು ಎಂದು ಬಾಯಿಪಾಠ ಮಾಡದ ವಿದ್ಯಾರ್ಥಿಯಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಬೆರಳುಗಳನ್ನು ತಿರುಚಿಕೊಂಡು ಯೋಚಿಸುತ್ತ ಕುಳಿತ ಹುಡುಗರನ್ನು ಕಂಡಾಗ, ಈ ನಿಯಮವನ್ನು ಮಾಡಿದವನು ಮೊದಲಿಗೆ ಒಬ್ಬ ಒಳ್ಳೆಯ ಉಪಾಧ್ಯಾಯನಾಗಿದ್ದನೆಂಬುದು ನೆನಪಾಗುತ್ತದೆ. ದಿಕ್ಕುಗಳಲ್ಲಿ ಗೊಂದಲಗೊಳ್ಳುತ್ತಿದ್ದ ತನ್ನ ಶಿಷ್ಯರಿಗಾಗಿಯೇ ಅವನು ಈ ಉಪಾಯವನ್ನು ಕಂಡುಹಿಡಿದನು. ಆದರೆ ಅವನ ಹೆಸರು ಉಳಿಯಬೇಕಾದುದು ಇದಕ್ಕಿಂತ ದೊಡ್ಡದಾದ ಇನ್ನೊಂದು ಕೆಲಸಕ್ಕಾಗಿ. ಅತ್ತಿಂದಿತ್ತ ತೂಗಾಡುವ ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯುವಂತೆ ತಡೆದು ನಿಲ್ಲಿಸಿದ ಗಾಜಿನ ಬುರುಡೆಯೊಂದನ್ನು ಅವನು 1904ರಲ್ಲಿ ರಚಿಸಿದನು.

ಜಾನ್ ಆಂಬ್ರೋಸ್ ಫ್ಲೆಮಿಂಗ್ ಹುಟ್ಟಿದುದು 1849ರ ನವೆಂಬರ್ 29ರಂದು, ಇಂಗ್ಲೆಂಡಿನ ಲ್ಯಾಂಕಾಸ್ಟರ್ ಪಟ್ಟಣದಲ್ಲಿ. ತಂದೆ ಜೇಮ್ಸ್ ಫ್ಲೆಮಿಂಗ್ ಕ್ರೈಸ್ತ ಧರ್ಮಬೋಧಕ. ಏಳು ಮಕ್ಕಳ ಸಂಸಾರದಲ್ಲಿ ಜಾನನೇ ಹಿರಿಯನು. ಅವನಿನ್ನೂ ನಾಲ್ಕೈದು ವರ್ಷದ ಬಾಲಕನಾಗಿದ್ದಾಗ ಕುಟುಂಬವು ಲಂಡನ್ನಿಗೆ ಬಂದು ನೆಲೆಸಿತು. ಹತ್ತು ಹನ್ನೊಂದರ ಪ್ರಾಯದಲ್ಲಿಯೇ ಅವನಿಗೆ ತನ್ನದೇ ಆದ ಪುಟ್ಟ ಕಾರ್ಯಾಗಾರವಿತ್ತು. ಅಲ್ಲಿ ಹಡಗುಗಳ, ಎಂಜಿನುಗಳ ಮಾದರಿಗಳನ್ನು ಮಾಡುವುದೇ ಅವನ ಆಟ; ಛಾಯಾಚಿತ್ರ ತೆಗೆಯುವ ಪೆಟ್ಟಿಗೆಯನ್ನೂ ತಾನೇ ಕಟ್ಟಿಕೊಂಡನಂತೆ. ಎಂಜಿನಿಯರನಾಗಬೇಕೆಂಬ ಆಸೆ ಆಗಲೇ ಮೊಳೆಯಿತು. ಆದರೆ ಅದಕ್ಕೆ ಬೇಕಾದ ಹಣವು ಮನೆಯಲ್ಲಿರಲಿಲ್ಲ.

ಓದಿಗಾಗಿ ಫ್ಲೆಮಿಂಗನು ಪಟ್ಟ ಪಾಡು ಸಣ್ಣದಲ್ಲ. ಷೇರುಪೇಟೆಯ ಕಚೇರಿಯೊಂದರಲ್ಲಿ ಹಗಲೆಲ್ಲ ಗುಮಾಸ್ತೆಯ ಕೆಲಸ ಮಾಡಿ, ಸಂಜೆಯ ವೇಳೆಯಲ್ಲಿ ಪುಸ್ತಕ ಹಿಡಿದು, 1870ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿಯನ್ನು ಪಡೆದನು. ಬಳಿಕ ಶಾಲೆಗಳಲ್ಲಿ ವಿಜ್ಞಾನದ ಉಪಾಧ್ಯಾಯನಾದನು. 1874ರಲ್ಲಿ ಲಂಡನ್ನಿನ ಭೌತವಿಜ್ಞಾನ ಸಂಘವು ಸ್ಥಾಪನೆಯಾದಾಗ, ಅದರ ಮುಂದೆ ಓದಲಾದ ಮೊತ್ತಮೊದಲ ಪ್ರಬಂಧವು ಇಪ್ಪತ್ತನಾಲ್ಕರ ಈ ತರುಣನದೇ ಆಗಿತ್ತು. ಸಂಬಳದಲ್ಲಿ ಮಿಗಿಸಿ ಮಿಗಿಸಿ ಸುಮಾರು 400 ಪೌಂಡುಗಳಾದ ಮೇಲೆ ಕೆಲಸವನ್ನು ಬಿಟ್ಟು, 1877ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಕೇಂಬ್ರಿಜ್ಜಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದನು. ಅವನನ್ನು ಅಲ್ಲಿಗೆ ಸೆಳೆದವನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಬೆಳಕೂ ವಿದ್ಯುತ್ಕಾಂತ ತರಂಗವೇ ಎಂದು ಗಣಿತದಿಂದ ತೋರಿಸಿಕೊಟ್ಟ ಆ ಮಹಾಮೇಧಾವಿಯ ಉಪನ್ಯಾಸಗಳು ಬಹು ಕಠಿಣವಾಗಿದ್ದುವು. ಕೇಳಲು ಬರುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಒಮ್ಮೊಮ್ಮೆ ಇಡೀ ಕೊಠಡಿಯಲ್ಲಿ ಫ್ಲೆಮಿಂಗನೊಬ್ಬನೇ ಶ್ರೋತೃವಾಗಿರುತ್ತಿದ್ದನು. 1879ರಲ್ಲಿ ಮ್ಯಾಕ್ಸ್‌ವೆಲ್ಲನು ಅಕಾಲ ಮರಣಕ್ಕೆ ತುತ್ತಾದನು. ಗುರುವು ಕಾಗದದ ಮೇಲೆ ಕಂಡ ಅಲೆಗಳನ್ನು ಮುಂದೊಂದು ದಿನ ಕೈಯಾರೆ ಹಿಡಿಯುವ ಕೆಲಸವು ಈ ಶಿಷ್ಯನ ಪಾಲಿಗೆ ಬಂದಿತು.

1882ರಲ್ಲಿ ಅವನು ಎಡಿಸನ್ನನ ವಿದ್ಯುದ್ದೀಪ ಕಂಪೆನಿಯ ಲಂಡನ್ ಶಾಖೆಗೆ ಸಲಹೆಗಾರನಾಗಿ ಸೇರಿದನು. ಆ ಕಾಲದ ದೀಪಗಳಲ್ಲಿ ಉರಿಯುತ್ತಿದ್ದುದು ಇಂಗಾಲದ ತಂತು. ಕೆಲವು ದಿನ ಉರಿದ ಮೇಲೆ ಬುರುಡೆಯ ಒಳಮೈ ಮಸಿ ಹಿಡಿದಂತೆ ಕಪ್ಪಾಗುತ್ತಿತ್ತು. ಫ್ಲೆಮಿಂಗನು ಕಪ್ಪಾದ ಬುರುಡೆಗಳನ್ನು ಎಸೆಯದೆ ಬೆಳಕಿಗೆ ಹಿಡಿದು ನೋಡಿದನು. ಕೆಲವು ಬುರುಡೆಗಳಲ್ಲಿ ಮಸಿಯ ನಡುವೆ ಒಂದು ಸಣ್ಣ ಗೆರೆಯಷ್ಟು ಗಾಜು ಮಾತ್ರ ಸ್ವಚ್ಛವಾಗಿ ಉಳಿದಿತ್ತು. ಕುದುರೆಲಾಳದಂತೆ ಬಾಗಿದ ತಂತುವಿನ ಒಂದು ಕಾಲಿನಿಂದ ಕಣಗಳು ನೆಟ್ಟಗೆ ಸಿಡಿಯುತ್ತಿವೆ, ಇನ್ನೊಂದು ಕಾಲು ಅವುಗಳಿಗೆ ಅಡ್ಡಬಂದು ಗಾಜಿನ ಮೇಲೆ ತನ್ನ ನೆರಳನ್ನು ಚೆಲ್ಲಿದೆ ಎಂದು ಅವನು ತರ್ಕಿಸಿದನು. ಅಮೆರಿಕದಲ್ಲಿ ಎಡಿಸನ್ನನೂ ಇದನ್ನು ಗಮನಿಸಿದ್ದನು. ಬುರುಡೆಯೊಳಗೆ ಲೋಹದ ತಗಡೊಂದನ್ನು ಇಟ್ಟು, ಅದನ್ನು ತಂತುವಿನ ಧನಾಗ್ರಕ್ಕೆ ಗ್ಯಾಲ್ವನೋಮೀಟರಿನ ಮೂಲಕ ಜೋಡಿಸಿದರೆ ನಡುವಣ ಶೂನ್ಯವನ್ನು ದಾಟಿ ವಿದ್ಯುತ್ತು ಹರಿಯುತ್ತಿತ್ತು. ಋಣಾಗ್ರಕ್ಕೆ ಜೋಡಿಸಿದರೆ ಹರಿಯುತ್ತಿರಲಿಲ್ಲ. ಎಡಿಸನ್ನನು 1883ರಲ್ಲಿ ಇದಕ್ಕೊಂದು ಪೇಟೆಂಟಿಗೆ ಅರ್ಜಿ ಹಾಕಿ, ಬೇರೆ ಕೆಲಸಗಳ ಗಡಿಬಿಡಿಯಲ್ಲಿ ಅದನ್ನು ಅಲ್ಲಿಗೇ ಬಿಟ್ಟನು. ಫ್ಲೆಮಿಂಗನು ಬಿಡಲಿಲ್ಲ. ಬಗೆಬಗೆಯ ತಗಡುಗಳನ್ನಿಟ್ಟ ಬುರುಡೆಗಳನ್ನು ಮಾಡಿಸಿ ಹಲವು ವರ್ಷ ಪ್ರಯೋಗ ನಡೆಸಿ, ಫಲಿತಾಂಶಗಳನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದನು. ಇದರಿಂದ ಏನು ಉಪಯೋಗವೆಂಬುದು ಆಗ ಅವನಿಗೂ ಹೊಳೆಯಲಿಲ್ಲ. ಬುರುಡೆಗಳು ಬೀರುವನ್ನು ಸೇರಿದುವು.

ಇಷ್ಟರೊಳಗೆ, 1885ರಲ್ಲಿ, ಅವನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿದ್ಯುತ್ ತಂತ್ರವಿದ್ಯೆಯ ಪ್ರಾಧ್ಯಾಪಕನಾಗಿದ್ದನು. ಪೀಠದ ಹೆಸರು ಭಾರಿಯಾಗಿದ್ದರೂ ಮೊದಲಿಗೆ ಅವನ ಕೈಗೆ ಸಿಕ್ಕ ಉಪಕರಣವೆಂದರೆ ಒಂದು ಕಪ್ಪು ಹಲಗೆ, ಒಂದು ಸೀಮೆಸುಣ್ಣದ ತುಂಡು, ಇಷ್ಟೇ. ಪ್ರಯೋಗಶಾಲೆಯನ್ನು ಅವನು ವರ್ಷ ವರ್ಷವೂ ಕಾಡಿ ಬೇಡಿ ಕಟ್ಟಬೇಕಾಯಿತು. ಬೋಧನೆಯಲ್ಲಿ ಅವನು ಅಸಾಧಾರಣ ಚತುರನೆಂದು ಹೆಸರಾದನು. ಆದರೆ ಅವನಿಗೊಂದು ಕೊರತೆಯಿತ್ತು: ಕಿವಿ ಮಂದ. ವಯಸ್ಸಾದಂತೆ ಆ ಮಾಂದ್ಯವು ಹೆಚ್ಚುತ್ತಲೇ ಹೋಯಿತು.

1899ರಲ್ಲಿ ಮಾರ್ಕೋನಿ ಕಂಪೆನಿಯು ಅವನನ್ನು ವೈಜ್ಞಾನಿಕ ಸಲಹೆಗಾರನನ್ನಾಗಿ ನೇಮಿಸಿಕೊಂಡಿತು. ಅಟ್ಲಾಂಟಿಕ್ ಸಾಗರದಾಚೆಗೆ ತಂತಿಯಿಲ್ಲದೆ ಸುದ್ದಿ ಮುಟ್ಟಿಸುವುದು ಮಾರ್ಕೋನಿಯ ಹಂಬಲ. ಅದಕ್ಕಾಗಿ ಕಾರ್ನ್‌ವಾಲ್ ಕಡಲ ತಡಿಯ ಪೋಲ್ಡು ಎಂಬಲ್ಲಿ ಕಟ್ಟಿದ ಪ್ರಬಲವಾದ ಪ್ರೇಷಕ ಯಂತ್ರವನ್ನು ಯೋಜಿಸಿಕೊಟ್ಟವನು ಫ್ಲೆಮಿಂಗ್. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿನಲ್ಲಿ ಸಂಕೇತವು ಕೇಳಿಬಂದಿತೆಂದು ಜಗತ್ತೆಲ್ಲ ಮಾರ್ಕೋನಿಯನ್ನು ಕೊಂಡಾಡಿತು. ಯಂತ್ರವನ್ನು ಕಟ್ಟಿದವನ ಹೆಸರನ್ನು ಹೆಚ್ಚು ಮಂದಿ ಎತ್ತಲಿಲ್ಲ. ಇದು ಫ್ಲೆಮಿಂಗನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. 1903ರ ಜೂನ್ ತಿಂಗಳಿನಲ್ಲಿ ಫ್ಲೆಮಿಂಗನು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭಾಂಗಣದಲ್ಲಿ ನಿಸ್ತಂತು ಸಂದೇಶದ ಪ್ರದರ್ಶನವನ್ನು ಏರ್ಪಡಿಸಿದ್ದನು. ದೂರದಿಂದ ಮಾರ್ಕೋನಿ ಕಳುಹಿಸುವ ಸಂದೇಶವು ಬರಬೇಕು. ಅದಕ್ಕೆ ಮೊದಲೇ ಯಂತ್ರವು ಟಕಟಕನೆ ಬೇರಾವುದೋ ಕುಚೋದ್ಯದ ಸಂದೇಶವನ್ನು ಮುದ್ರಿಸತೊಡಗಿತು. ನೆವಿಲ್ ಮ್ಯಾಸ್ಕಲಿನ್ ಎಂಬ ಜಾದೂಗಾರನು ಮಾರ್ಕೋನಿಯ ವ್ಯವಸ್ಥೆಯಲ್ಲಿ ಗುಟ್ಟೇನೂ ಉಳಿಯುವುದಿಲ್ಲವೆಂದು ತೋರಿಸಲು ಹತ್ತಿರದಿಂದಲೇ ಅಲೆಗಳನ್ನು ಹಾಯಿಸಿದ್ದನು. ಸಹಾಯಕನಿಗೆ ಇದು ಕೇಳಿಸಿತು. ವೇದಿಕೆಯ ಮೇಲೆ ಮಾತನಾಡುತ್ತಿದ್ದ ಫ್ಲೆಮಿಂಗನಿಗೆ ಕೇಳಿಸಲಿಲ್ಲ. ವಿಷಯ ತಿಳಿದ ಮೇಲೆ ಅವನು ಕೆರಳಿ ಪತ್ರಿಕೆಗೆ ಬರೆದನು. ಅಷ್ಟೊಂದು ಕೆರಳಬೇಕಾಗಿರಲಿಲ್ಲವೆಂದು ಇಂದು ನಮಗೆ ತೋರಬಹುದು. ಮ್ಯಾಸ್ಕಲಿನ್ನನು ಎತ್ತಿದ ಆಕ್ಷೇಪಣೆಯಲ್ಲಿ ಹುರುಳಿತ್ತು.

ಆಗಿನ ನಿಸ್ತಂತು ಯಂತ್ರಗಳ ದುರ್ಬಲ ಭಾಗವೆಂದರೆ ಅಲೆಯನ್ನು ಗುರುತಿಸುವ ಭಾಗ. ಮೊದಲು ಬಳಕೆಯಲ್ಲಿದ್ದುದು ಲೋಹದ ಅರಪುಡಿ ತುಂಬಿದ ಸಣ್ಣ ಗಾಜಿನ ನಳಿಗೆ. ಅಲೆ ತಾಕಿದಾಗ ಪುಡಿಯು ಒಂದಕ್ಕೊಂದು ಅಂಟಿ ವಿದ್ಯುತ್ತನ್ನು ಹಾಯಗೊಡುತ್ತಿತ್ತು. ಮತ್ತೆ ಸಡಿಲವಾಗಬೇಕಾದರೆ ನಳಿಗೆಯನ್ನು ತಟ್ಟಬೇಕು. ಅಲೆ ಬಂದಿತೆಂದು ಅದು ಹೇಳಬಲ್ಲದು, ಎಷ್ಟು ಬಂದಿತೆಂದು ಹೇಳಲಾರದು. ಬಳಿಕ ಬಂದ ಮಾರ್ಕೋನಿಯ ಕಾಂತೀಯ ಶೋಧಕಕ್ಕೆ ಕಿವಿಗೊಟ್ಟು ಕೇಳಬೇಕಾಗಿತ್ತು. ಕಿವಿ ಮಂದವಾದ ಫ್ಲೆಮಿಂಗನಿಗೆ ಇದು ಒಗ್ಗದು. ಅದಲ್ಲದೆ ಅವನ ಮನೋಧರ್ಮವೇ ಅಳೆಯುವವನ ಮನೋಧರ್ಮ. ಕನ್ನಡಿ ಗ್ಯಾಲ್ವನೋಮೀಟರಿನ ಬೆಳಕಿನ ಚುಕ್ಕೆಯು ಅಳತೆಪಟ್ಟಿಯ ಮೇಲೆ ಎಷ್ಟು ಸರಿಯಿತೆಂದು ಕಣ್ಣಿನಿಂದ ನೋಡಿ ಬರೆದುಕೊಳ್ಳುವಂತಾಗಬೇಕೆಂಬುದು ಅವನ ಆಸೆ.

ಇಲ್ಲಿಯೇ ತೊಡಕಿದ್ದುದು. ನಿಸ್ತಂತು ಅಲೆಯು ತಂತಿಯಲ್ಲಿ ಹುಟ್ಟಿಸುವ ವಿದ್ಯುತ್ತು ಸೆಕೆಂಡಿಗೆ ಲಕ್ಷಾಂತರ ಬಾರಿ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಗ್ಯಾಲ್ವನೋಮೀಟರಿನ ಮುಳ್ಳು ಅಷ್ಟು ಬೇಗ ಅಲುಗಲಾರದು. ಒಂದು ಕ್ಷಣ ಬಲಕ್ಕೆ ನೂಕಿಸಿಕೊಂಡು, ಮರುಕ್ಷಣವೇ ಅಷ್ಟೇ ಬಲದಿಂದ ಎಡಕ್ಕೆ ನೂಕಿಸಿಕೊಂಡು, ಕೊನೆಗೆ ಇದ್ದಲ್ಲಿಯೇ ನಿಲ್ಲುತ್ತದೆ. ಎಡಗಡೆಯ ನೂಕುಗಳನ್ನೆಲ್ಲ ತಡೆದು ಬಲಗಡೆಯವನ್ನು ಮಾತ್ರ ಬಿಟ್ಟರೆ ಮುಳ್ಳು ಬಲಕ್ಕೆ ವಾಲಿ ನಿಲ್ಲುತ್ತದೆ. ಸೈಕಲ್ಲಿನ ಟ್ಯೂಬಿಗೆ ಇರುವ ಕವಾಟವು ಗಾಳಿಯನ್ನು ಒಳಕ್ಕೆ ಬಿಟ್ಟು ಹೊರಕ್ಕೆ ಬಿಡದಂತೆ, ವಿದ್ಯುತ್ತಿಗೂ ಒಂದು ಕವಾಟವು ಬೇಕಾಗಿತ್ತು.

1904ರ ಅಕ್ಟೋಬರಿನಲ್ಲಿ ಒಂದು ದಿನ ಇದನ್ನೇ ಚಿಂತಿಸುತ್ತಿದ್ದ ಫ್ಲೆಮಿಂಗನಿಗೆ, ಹದಿನೈದು ವರ್ಷಗಳ ಹಿಂದೆ ತಾನು ಮಾಡಿಸಿದ್ದ ಬುರುಡೆಗಳು ನೆನಪಿಗೆ ಬಂದುವು. ಬಿಸಿಯಾದ ತಂತುವಿನಿಂದ ತಗಡಿಗೆ ಹಾಯುವುದು ಋಣ ವಿದ್ಯುತ್ತು. ತಗಡು ತಣ್ಣಗಿರುವುದರಿಂದ ಅದು ಹಿಂದಿರುಗಿ ಹಾಯಲಾರದು. 1897ರಲ್ಲಿ ಜೆ. ಜೆ. ಥಾಮ್ಸನ್ನನು ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ ಇದರ ಕಾರಣವೂ ಸ್ಪಷ್ಟವಾಗಿತ್ತು. ಆದರೆ ಸೆಕೆಂಡಿಗೆ ಲಕ್ಷಗಟ್ಟಲೆ ತೂಗಾಟಕ್ಕೂ ಈ ಬುರುಡೆ ಸರಿಹೋದೀತೆ? ಬೀರುವಿನಿಂದ ಹಳೆಯ ಬುರುಡೆಯೊಂದನ್ನು ತೆಗೆಸಿ, ಕೊಠಡಿಯ ಒಂದು ಕಡೆ ಕಿಡಿ ಹಾರಿಸಿ ಅಲೆ ಎಬ್ಬಿಸುವ ಮಂಡಲವನ್ನೂ ಇನ್ನೊಂದು ಕಡೆ ಬುರುಡೆ ಮತ್ತು ಗ್ಯಾಲ್ವನೋಮೀಟರುಗಳಿರುವ ಮಂಡಲವನ್ನೂ ಹೂಡಲು ಸಹಾಯಕನಿಗೆ ಹೇಳಿದನು. ಕಿಡಿ ಹಾರಿದೊಡನೆ ಬೆಳಕಿನ ಚುಕ್ಕೆಯು ಒಂದೇ ಕಡೆಗೆ ಸರಿದು ನಿಂತಿತು. ಅದೇ ವರ್ಷದ ನವೆಂಬರ್ 16ರಂದು ಅವನು ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. 1905ರ ಫೆಬ್ರವರಿಯಲ್ಲಿ ರಾಯಲ್ ಸೊಸೈಟಿಯಲ್ಲಿ ಪ್ರಬಂಧವನ್ನು ಓದಿದನು. ಎರಡು ವಿದ್ಯುದ್ದ್ವಾರಗಳಿದ್ದುದರಿಂದ ಮುಂದೆ ಇದಕ್ಕೆ ಡಯೋಡ್ ಎಂಬ ಹೆಸರು ಬಂದಿತು. ತೂಗಾಡುವ ವಿದ್ಯುತ್ತನ್ನು ಏಕಮುಖವಾಗಿಸುವ ಇಂಥ ಸಾಧನವನ್ನೇ ರೆಕ್ಟಿಫೈಯರ್ ಎನ್ನುತ್ತಾರೆ.

ಕವಾಟದ ಕುಂದುಗಳು ಫ್ಲೆಮಿಂಗನಿಗೆ ತಿಳಿಯದೆ ಇರಲಿಲ್ಲ. ಅದು ಏಕಮುಖವೇನೋ ಹೌದು; ಆದರೆ ಒಳಬಂದ ವೋಲ್ಟೇಜಿಗೂ ಹೊರಬಂದ ಪ್ರವಾಹಕ್ಕೂ ನೇರ ಪ್ರಮಾಣವಿಲ್ಲ. ಆ ಸಂಬಂಧವನ್ನು ಗೆರೆಯೆಳೆದು ತೋರಿಸಿದರೆ ಅದು ಸರಳರೇಖೆಯಾಗದೆ ಬಾಗಿದ ರೇಖೆಯಾಗುತ್ತದೆ. ಬಹಳ ಕ್ಷೀಣವಾದ ಸಂಕೇತಗಳಲ್ಲಿ ಅಳತೆಯು ನಂಬುವಂತಿರುವುದಿಲ್ಲ. ಈ ಕೊರತೆಯು ಡಯೋಡಿನ ವಂಶಕ್ಕೆಲ್ಲ ಅಂಟಿಬಂದಿತು. ಇಂದು ಗಾಜಿನ ಬುರುಡೆಯ ಸ್ಥಾನದಲ್ಲಿರುವ ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟು ದೊರೆಯುವ ತನಕ ಬಾಗಿಲನ್ನು ತೆರೆಯುವುದೇ ಇಲ್ಲ. ಒಂದು ವೋಲ್ಟಿನ ನೂರನೆಯ ಒಂದು ಪಾಲಿನಷ್ಟಿರುವ ಸಂಕೇತವು ಅದರ ಮುಂದೆ ಬಂದು ನಿಂತು ಹಾಗೆಯೇ ಹಿಂದಿರುಗುತ್ತದೆ.

ಈ ಕೊರತೆಗೆ ಪರಿಹಾರ ದೊರೆತುದು ಬಹು ಕಾಲದ ಮೇಲೆ. 1927ರಲ್ಲಿ ಅಮೆರಿಕದ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರನು, ವರ್ಧಕವು ಹೊರಡಿಸಿದುದರಲ್ಲಿ ಒಂದಂಶವನ್ನು ಅದರ ಬಾಯಿಗೇ ವಿರುದ್ಧವಾಗಿ ಹಿಂದಿರುಗಿಸಿದರೆ ಅದರ ತಪ್ಪುಗಳು ತಾವಾಗಿ ತಗ್ಗುವುವೆಂದು ಕಂಡನು. ಆ ತತ್ತ್ವದ ಮೇಲೆ ನಿಂತ ಆಪರೇಷನಲ್ ಆಂಪ್ಲಿಫೈಯರ್ ಎಂಬ ವರ್ಧಕಕ್ಕೆ 1947ರಲ್ಲಿ ಆ ಹೆಸರಾಯಿತು. 1968ರಲ್ಲಿ 741 ಎಂಬ ಸಂಖ್ಯೆಯ, ಬೆರಳುಗುರಿನಷ್ಟು ದೊಡ್ಡ ಬಿಲ್ಲೆಯಾಗಿ ಅದು ಅಂಗಡಿಗೆ ಬಂದಿತು. ಇದಕ್ಕೆ ಎರಡು ಬಾಯಿಗಳು. ಅವುಗಳ ನಡುವಣ ವ್ಯತ್ಯಾಸವನ್ನು ಇದು ಲಕ್ಷಪಾಲಿನಷ್ಟು ಹಿಗ್ಗಿಸುತ್ತದೆ. ಒಂದು ಬಾಯಿಗೆ ಸಂಕೇತವನ್ನು ಕೊಟ್ಟು, ಹೊರಬಾಗಿಲಿಗೆ ಡಯೋಡನ್ನು ಜೋಡಿಸಿ, ಡಯೋಡಿನ ಆಚೆಯ ತುದಿಯಿಂದ ಎರಡನೆಯ ಬಾಯಿಗೆ ತಂತಿಯನ್ನು ತಂದರೆ, ಆಚೆಯ ತುದಿಯು ಸಂಕೇತಕ್ಕೆ ಸಮನಾಗುವವರೆಗೂ ವರ್ಧಕವು ಸುಮ್ಮನಿರುವುದಿಲ್ಲ. ಡಯೋಡು ಕೇಳುವ 0.6 ವೋಲ್ಟಿನ ಸುಂಕವನ್ನು ತಾನೇ ತೆತ್ತುಬಿಡುತ್ತದೆ. ಉಳಿಯುವ ತಪ್ಪು 0.6 ವೋಲ್ಟಿನ ಲಕ್ಷದಲ್ಲೊಂದು ಪಾಲು, ಎಂದರೆ 6 ಮೈಕ್ರೋವೋಲ್ಟು ಮಾತ್ರ.

ಹಾಗೆಂದು ಎಲ್ಲವೂ ಸಲೀಸಲ್ಲ. ಸಂಕೇತವು ಋಣ ದಿಕ್ಕಿಗೆ ತಿರುಗಿದಾಗ ಡಯೋಡು ಮುಚ್ಚಿ, ಹಿಂದಿರುಗುವ ದಾರಿಯು ಕಡಿದುಹೋಗಿ, ವರ್ಧಕವು ತನ್ನ ಕೆಳಗಿನ ಮಿತಿಗೆ, ಸುಮಾರು 13 ವೋಲ್ಟು ಆಳಕ್ಕೆ, ಜಾರುತ್ತದೆ. 741 ಮೇಲೇರಬಲ್ಲುದು ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟಿನಂತೆ. ಅದು ಹತ್ತಿಬರುವುದರೊಳಗೆ 27 ಮೈಕ್ರೋಸೆಕೆಂಡುಗಳು ಕಳೆಯುತ್ತವೆ. ಸೆಕೆಂಡಿಗೆ 20,000 ಬಾರಿ ತೂಗುವ ಸಂಕೇತದ ಅರ್ಧಾವರ್ತನೆಯು 25 ಮೈಕ್ರೋಸೆಕೆಂಡು ಮಾತ್ರ. ಏರಿ ಬರುವಷ್ಟರಲ್ಲಿ ಜಾತ್ರೆಯೇ ಮುಗಿದಿರುತ್ತದೆ. ಆದುದರಿಂದ ಜಾಣರಾದ ರಚನಕಾರರು ಸಂಕೇತವನ್ನು ವಿರುದ್ಧದ ಬಾಯಿಗೆ ಕೊಟ್ಟು, ಎರಡನೆಯದೊಂದು ಡಯೋಡನ್ನು ಜೋಡಿಸಿ, ವರ್ಧಕವು ಒಂದು ಮೆಟ್ಟಿಲಿಗಿಂತ ಕೆಳಗೆ ಇಳಿಯದಂತೆ ತಡೆಯುತ್ತಾರೆ. ಡಯೋಡಿನಾಚೆ ಕೆಪ್ಯಾಸಿಟರೊಂದನ್ನು ಇಟ್ಟರೆ ಅದೇ ಮಂಡಲವು ಸಂಕೇತದ ಶಿಖರವನ್ನು ನೆನಪಿಡುವ ಸಾಧನವಾಗುತ್ತದೆ. ನೆರೆ ಇಳಿದ ಮೇಲೂ ಗೋಡೆಯ ಮೇಲೆ ನೀರಿನ ಗುರುತು ನಿಲ್ಲುವಂತೆ, ಒಳಸೇರಿದ ವಿದ್ಯುತ್ತು ಹಿಂದಿರುಗಲಾರದೆ ಅಲ್ಲಿಯೇ ನಿಲ್ಲುತ್ತದೆ. ಕೆಪ್ಯಾಸಿಟರು ದೊಡ್ಡದಾದರೆ ಗುರುತು ಬಹುಕಾಲ ನಿಲ್ಲುತ್ತದೆ, ಆದರೆ ತುಂಬುವುದು ನಿಧಾನ: ಒಂದು ಮೈಕ್ರೋಫ್ಯಾರಡನ್ನು 20 ಮಿಲಿಆಂಪಿಯರಿನಿಂದ ತುಂಬಿದರೆ ಮಿಲಿಸೆಕೆಂಡಿಗೆ 20 ವೋಲ್ಟು ಮಾತ್ರ ಏರುತ್ತದೆ, ಮಿಂಚಿನಂತೆ ಬಂದುಹೋಗುವ ಶಿಖರವು ತಪ್ಪಿಹೋಗುತ್ತದೆ. ಚಿಕ್ಕದಾದರೆ ಬೇಗ ತುಂಬಿ ಬೇಗ ಸೋರುತ್ತದೆ. ಅಳತೆಯ ಕೆಲಸದಲ್ಲಿ ಈ ಚೌಕಾಸಿ ತಪ್ಪಿದ್ದಲ್ಲ. ಫ್ಲೆಮಿಂಗನಿದ್ದಿದ್ದರೆ ಇದರಲ್ಲಿ ಮೈಮರೆಯುತ್ತಿದ್ದನೆಂದು ಊಹಿಸಬಹುದು.

ಮತ್ತೆ ಅವನ ಕಾಲಕ್ಕೆ ಬರೋಣ. ಕವಾಟವು ಹುಟ್ಟಿದ ಕೂಡಲೆ ಜಗತ್ತನ್ನು ಗೆಲ್ಲಲಿಲ್ಲ. ತಂತುವನ್ನು ಕಾಯಿಸಲು ಬ್ಯಾಟರಿ ಬೇಕು, ತಂತು ಸುಟ್ಟುಹೋಗುತ್ತಿತ್ತು. ಅದೇ ವೇಳೆಗೆ ಹರಳಿನ ಶೋಧಕಗಳು ಬಂದುವು. ಕಲ್ಕತ್ತೆಯ ಜಗದೀಶಚಂದ್ರ ಬೋಸರು ಸೀಸದ ಅದಿರಾದ ಗೆಲೀನದ ಹರಳಿನಿಂದ ಮಾಡಿದ ಶೋಧಕಕ್ಕೆ 1904ರಲ್ಲಿಯೇ ಅಮೆರಿಕದ ಪೇಟೆಂಟು ದೊರೆತಿತ್ತು. 1906ರ ಸುಮಾರಿಗೆ ಅಮೆರಿಕದಲ್ಲಿ ಸಿಲಿಕಾನ್, ಕಾರ್ಬೊರಂಡಂ ಹರಳುಗಳೂ ಬಳಕೆಗೆ ಬಂದುವು. ಅಗ್ಗದ ಹರಳಿನ ಮುಂದೆ ದುಬಾರಿಯ ಬುರುಡೆಯು ಹಿಂದೆ ಬಿದ್ದಿತು.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆಡೆಯಿಂದ ಬಂದಿತು. ಅಮೆರಿಕದ ಲೀ ಡಿ ಫಾರೆಸ್ಟ್ ಎಂಬವನು 1906–07ರಲ್ಲಿ ಬುರುಡೆಯ ತಂತುವಿಗೂ ತಗಡಿಗೂ ನಡುವೆ ಜಾಲರಿಯಂಥ ಮೂರನೆಯದೊಂದು ವಿದ್ಯುದ್ದ್ವಾರವನ್ನಿಟ್ಟನು. ಇದರಿಂದ ಬುರುಡೆಯು ವಿದ್ಯುತ್ತನ್ನು ತಡೆಯುವುದಷ್ಟೇ ಅಲ್ಲದೆ ಹಿಗ್ಗಿಸುವ ಶಕ್ತಿಯನ್ನೂ ಪಡೆಯಿತು. ದೂರದ ದೂರವಾಣಿ, ರೇಡಿಯೋ ಪ್ರಸಾರ ಇವೆಲ್ಲ ಅದರಿಂದಲೇ ಸಾಧ್ಯವಾದುವು. ತನ್ನ ಕವಾಟಕ್ಕೆ ತಾನು ಋಣಿಯೆಂದು ಡಿ ಫಾರೆಸ್ಟನು ಒಪ್ಪಲೇ ಇಲ್ಲ. ಫ್ಲೆಮಿಂಗನು ಅವನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಜಾಲರಿಯೆಂಬ ಹೊಸ ಕಲ್ಪನೆ ಡಿ ಫಾರೆಸ್ಟನದೇ ಎಂಬುದನ್ನು ಉದಾರ ಮನಸ್ಸಿನಿಂದ ಒಪ್ಪಿಕೊಂಡಿದ್ದರೆ ಫ್ಲೆಮಿಂಗನ ಗೌರವವು ಇಳಿಯುತ್ತಿರಲಿಲ್ಲ. ಪೇಟೆಂಟಿನ ಒಡೆತನವು ಮಾರ್ಕೋನಿ ಕಂಪೆನಿಯದಾಗಿತ್ತು. ವ್ಯಾಜ್ಯವು ನ್ಯಾಯಾಲಯವನ್ನು ಹತ್ತಿತು. ಮೂರು ದ್ವಾರಗಳ ಬುರುಡೆಯು ಫ್ಲೆಮಿಂಗನ ಪೇಟೆಂಟನ್ನು ಅತಿಕ್ರಮಿಸಿದೆಯೆಂದು 1916ರಲ್ಲಿ ತೀರ್ಪಾಯಿತು. ಜಾಲರಿಯ ಪೇಟೆಂಟು ಡಿ ಫಾರೆಸ್ಟನದು. ಹೀಗಾಗಿ ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಬುರುಡೆಯನ್ನು ಮಾಡುವಂತಿಲ್ಲವೆಂಬ ವಿಚಿತ್ರ ಸ್ಥಿತಿ ಒದಗಿತು. ಮಹಾಯುದ್ಧವು ಬಂದು ಸರ್ಕಾರವೇ ನಡುವೆ ಪ್ರವೇಶಿಸಿದ ಮೇಲೆ ಕಾರ್ಖಾನೆಗಳು ನಡೆದುವು.

ಫ್ಲೆಮಿಂಗನು 1926ರಲ್ಲಿ, ಸುಮಾರು 41 ವರ್ಷಗಳ ಸೇವೆಯ ಬಳಿಕ, ಪ್ರಾಧ್ಯಾಪಕ ಪದವಿಯಿಂದ ನಿವೃತ್ತನಾಗಿ ಡೆವನ್ ಪ್ರಾಂತದ ಸಿಡ್‌ಮತ್ ಎಂಬ ಕಡಲೂರಿನಲ್ಲಿ ನೆಲೆಸಿದನು. 1929ರಲ್ಲಿ ಅವನಿಗೆ ಸರ್ ಪದವಿಯು ದೊರೆಯಿತು. ಮೊದಲ ಪತ್ನಿಯು 1917ರಲ್ಲಿ ತೀರಿಕೊಂಡಿದ್ದಳು. 1933ರಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ಗಾಯಕಿಯೊಬ್ಬಳನ್ನು ಮದುವೆಯಾದನು. ಅವನಿಗೆ ಮಕ್ಕಳಿರಲಿಲ್ಲ. ಟೆಲಿವಿಷನ್ನು ಇನ್ನೂ ಕಣ್ಣು ಬಿಡುತ್ತಿದ್ದ ಆ ದಿನಗಳಲ್ಲಿ ಅದರ ಸಂಘಕ್ಕೆ ಅಧ್ಯಕ್ಷನಾಗಿ ತರುಣರಿಗೆ ಬೆಂಬಲವಾಗಿ ನಿಂತನು. 1934ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದನು. ಯಾವ ಭೌತವಿಜ್ಞಾನ ಸಂಘದ ಮೊದಲ ಪ್ರಬಂಧವನ್ನು 1874ರಲ್ಲಿ ಬರೆದಿದ್ದನೋ, ಅದೇ ಸಂಘಕ್ಕೆ ತನ್ನ ಕೊನೆಯ ಪ್ರಬಂಧವನ್ನು 1939ರಲ್ಲಿ ಕೊಟ್ಟನು. ನಡುವೆ 65 ವರ್ಷಗಳು ಕಳೆದಿದ್ದುವು.

1943ರ ಜೂನ್ 21ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕವಾಟದ ಪೇಟೆಂಟನ್ನು ಅಸಿಂಧುವೆಂದು ಸಾರಿತು. 1905ರ ಪೇಟೆಂಟಿನಲ್ಲಿ ಎಲ್ಲ ಬಗೆಯ ತೂಗಾಟದ ವಿದ್ಯುತ್ತಿಗೂ ಹಕ್ಕು ಕೇಳಲಾಗಿತ್ತು. ನಿಧಾನದ ವಿದ್ಯುತ್ತಿನ ವಿಷಯವು ಅದಕ್ಕೆ ಮೊದಲೇ ಬಲ್ಲುದಾಗಿತ್ತು. ಆ ಹೆಚ್ಚಿನ ಹಕ್ಕನ್ನು ಕಂಪೆನಿಯು ಬಿಟ್ಟುಕೊಟ್ಟುದು ಹತ್ತು ವರ್ಷ ತಡವಾಗಿ, 1915ರಲ್ಲಿ. ಆ ತಡವೇ ಮುಳುವಾಯಿತು. ಪೇಟೆಂಟಿನ ಅವಧಿಯು ಎಂದೋ ಮುಗಿದಿದ್ದುದರಿಂದ ತೀರ್ಪಿನಿಂದ ಕಾರ್ಖಾನೆಗಳಿಗೆ ಏನೂ ಆಗಲಿಲ್ಲ. ಫ್ಲೆಮಿಂಗನಿಗೆ ಆಗ ತೊಂಬತ್ತಮೂರು ವರ್ಷ. ಕಿವಿಯು ಪೂರ್ತಿಯಾಗಿ ಕೇಳದಾಗಿತ್ತು. ಅವನ ಕವಾಟದ ಸಂತತಿಯಾದ ಗಾಜಿನ ಬುರುಡೆಗಳು ಯುದ್ಧದ ಹಡಗುಗಳಲ್ಲಿಯೂ ವಿಮಾನಗಳಲ್ಲಿಯೂ ಲಕ್ಷಗಟ್ಟಲೆ ಉರಿಯುತ್ತಿದ್ದುವು. ಯುದ್ಧವು ಮುಗಿಯಲು ಕೆಲವೇ ವಾರಗಳಿರುವಾಗ, 1945ರ ಏಪ್ರಿಲ್ 18ರಂದು, ಅವನು ಸಿಡ್‌ಮತ್ತಿನ ತನ್ನ ಮನೆಯಲ್ಲಿ ಕಣ್ಣು ಮುಚ್ಚಿದನು.